ಪಾಪು ಕಾಲಿನ ಅಳತೆಗೆ ಒಂದು ಬಂಡಿ

ಅಟ್ಟದ ಮೇಲಿದ್ದ ಹಲಸಿನ ಹಲಗೆಯನ್ನು ಕೆಳಗಿಳಿಸಿದ್ದು ಯುಗಾದಿ ಕಳೆದ ಮರುವಾರ. ಹಳೇ ಅಡುಗೆಮನೆಯ ಬಾಗಿಲು ತೆಗೆಸಿದಾಗ ಉಳಿದುಕೊಂಡಿದ್ದ ತುಂಡು. ನಾಲ್ಕಡಿ ಉದ್ದ, ಒಂಬತ್ತಿಂಚು ಅಗಲ, ಒಂದಿಂಚಿಗೆ ಕೊಂಚ ಕಮ್ಮಿ ದಪ್ಪ. ಮೇಲಿನ ಹೊಗೆಯ ಕರಿ ಕೀಸಿ ತೆಗೆದರೆ ಒಳಗೆ ಅರಿಸಿನ ಬಣ್ಣ ಹಾಗೇ ಇತ್ತು. ನಮ್ಮ ಮೈಸೂರಿನಲ್ಲಿ ವೀಣೆ ಮಾಡುವುದೂ ಇದೇ ಮರದಲ್ಲಿ. ಅಷ್ಟು ವರ್ಷ ಒಣಗಿದ ಹಲಗೆ ಇನ್ನು ಸೊಟ್ಟಗಾಗುವುದಿಲ್ಲ, ಬಿರಿಯುವುದಿಲ್ಲ. ಮೊಮ್ಮಗಳಿಗೆ ಕೂತು ಕಾಲಿನಿಂದ ತಳ್ಳಿಕೊಂಡು ಹೋಗುವ ಬಂಡಿ ಮಾಡೋಣ ಅಂತ ಆವತ್ತೇ ತೀರ್ಮಾನಿಸಿದೆ.

ನಾನು ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದವನು. ಕಬ್ಬಿಣ ಗೊತ್ತು, ಮರ ಅಷ್ಟಾಗಿ ಗೊತ್ತಿಲ್ಲ. ಮಕ್ಕಳ ಮೈಕೈ ಬೆಳವಣಿಗೆಯಂತೂ ಗೊತ್ತೇ ಇರಲಿಲ್ಲ. ಮಗಳು ಫಿಸಿಯೋಥೆರಪಿಸ್ಟ್, ಅವಳು ಪಕ್ಕದಲ್ಲಿ ನಿಂತು ತಿದ್ದದಿದ್ದರೆ ಈ ಬಂಡಿ ನೋಡಲು ಚೆಂದದ, ಆದರೆ ಮಗುವಿಗೆ ಉಪಯೋಗಕ್ಕೆ ಬಾರದ ವಸ್ತುವಾಗಿ ಮೂಲೆ ಸೇರುತ್ತಿತ್ತು. ಮೂರು ಸಲ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಪ್ರತಿ ಸಲವೂ ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟಿದ್ದು ಮಗುವಿನ ಕಾಲು.

ಆಗ ಪಾಪುವಿಗೆ 15 ತಿಂಗಳು. ನಡೆಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ಎದುರುಮನೆಯವರು ಅದಕ್ಕೂ ಮುಂಚೆ, ಅವಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, ತಮ್ಮ ಮನೆಯಲ್ಲಿದ್ದ ವಾಕರ್ ಕೊಡಲು ಬಂದಿದ್ದರು. ನಡುವೆ ಬಟ್ಟೆಯ ಸೀಟು, ಸುತ್ತ ಪ್ಲಾಸ್ಟಿಕ್ ಬಳೆ, ಕೆಳಗೆ ಗಾಲಿ ಇರುತ್ತದಲ್ಲ, ಅದು. ಮಗಳು ನಯವಾಗಿ ಬೇಡ ಅಂದಳು. ಆ ವಾಕರ್‌ನಲ್ಲಿ ಇನ್ನೂ ನಿಲ್ಲಲಾರದ ಮಗು ಬೆರಳ ತುದಿಯಲ್ಲಿ ತೇಲಿಕೊಂಡು ಹೋಗುತ್ತದೆ, ತನ್ನ ಮೈಭಾರ ತಾನು ಹೊರುವುದಿಲ್ಲ, ಅದರಿಂದ ನಡಿಗೆ ಬೇಗ ಬರುವುದೂ ಇಲ್ಲ. ಮೆಟ್ಟಿಲ ಮೇಲಿಂದ ಉರುಳಿ ಪೆಟ್ಟಾಗುವುದಂತೂ ಎಷ್ಟೆಂದರೆ ಕೆನಡಾ ದೇಶ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ನಡಿಗೆಗೆ ಅವಸರ ಮಾಡಬೇಕಾದ್ದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿದಾಗ, ಆಸರೆಯಿಲ್ಲದೆ ನಡೆದ ವಯಸ್ಸು 8 ತಿಂಗಳಿಂದ ಹಿಡಿದು 18 ತಿಂಗಳ ಹತ್ತಿರದವರೆಗೂ ಹರಡಿಕೊಂಡಿತ್ತು. ನಾನು ಮಾಡಹೊರಟಿದ್ದು ಬೇರೆ ಥರದ್ದು: ಮಗು ತಾನೇ ಹತ್ತಬೇಕು, ತಾನೇ ಇಳಿಯಬೇಕು, ಪಾದ ನೆಲದ ಮೇಲಿರಬೇಕು.

ಮೊದಲ ಜೋಡಣೆ

ತಳದ ಹಲಗೆ 46 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ಅದರ ಮೇಲೆ ಎರಡು ಅಡ್ಡ ತುಂಡು ನಿಲ್ಲಿಸಿ, ಮೇಲೆ ಸೀಟಿನ ಹಲಗೆ. ನಡುವಿನ ಟೊಳ್ಳು ಪೆಟ್ಟಿಗೆಯ ಹಾಗೆ ತೆರೆದೇ ಇರಲಿ ಅಂತ ಬಿಟ್ಟೆ. ಗಾಲಿ 11 ಸೆಂ.ಮೀ. ವ್ಯಾಸದ್ದು, ನಾಲ್ಕು. ಅಚ್ಚಿಗೆ 8 ಮಿ.ಮೀ. ಸಲಾಕೆ. ಮುಂದಿನ ಎರಡು ಗಾಲಿ ಒಂದು ಅಡ್ಡಪಟ್ಟಿಯ ಮೇಲೆ. ಆ ಪಟ್ಟಿಯ ನಡುವಿನಿಂದ ಮೇಲಕ್ಕೆ ಹ್ಯಾಂಡಲ್ ಕಂಬ. ಜೋಡಣೆಗಳನ್ನೆಲ್ಲ ಫೆವಿಕಾಲ್ ಹಾಕಿ, ಮರದ ಗೂಟ ಹೊಡೆದು ಕೂರಿಸಿದೆ. ಮೊಳೆ ಒಂದೂ ಬೇಡ ಅನ್ನುವುದು ನಮ್ಮ ಬೀದಿಯ ಆಚಾರ್ರ ಮಾತು: ಮೊಳೆ ಇವತ್ತಲ್ಲ ನಾಳೆ ತಲೆ ಎತ್ತುತ್ತದೆ, ಮಗುವಿನ ತೊಡೆಗೆ ತಾಗುತ್ತದೆ.

ಸೀಟಿನ ಎತ್ತರದಲ್ಲೇ ಎಡವಿದೆ. ಪಾಪುವನ್ನು ಗೋಡೆಗೆ ನಿಲ್ಲಿಸಿ, ಎರಡು ಕಾಲ ನಡುವೆ ಪುಸ್ತಕವಿಟ್ಟು ಅಳೆದಾಗ ನೆಲದಿಂದ 28 ಸೆಂ.ಮೀ. ಬಂತು. ಸೈಕಲ್ ತುಳಿದವನ ಬುದ್ಧಿ ನನ್ನದು. ಸೈಕಲ್ಲಿನಲ್ಲಿ ಸೀಟು ಎತ್ತರ ಇದ್ದಷ್ಟೂ ಕಾಲು ಚಾಚಿ ತುಳಿಯಲು ಅನುಕೂಲ. ಹಾಗಾಗಿ ಸೀಟನ್ನು 27 ಸೆಂ.ಮೀ.ಗೆ ಇಟ್ಟೆ. ಕೂರಿಸಿ ನೋಡಿದರೆ ಪಾಪು ಬೆರಳ ತುದಿಯ ಮೇಲಿದ್ದಾಳೆ, ಮುಖದಲ್ಲಿ ಗಾಬರಿ.

"ಅಪ್ಪಾ, ನೀವು ಸೈಕಲ್ ಮಾಡಿದ್ದೀರಿ. ಇದಕ್ಕೆ ಪೆಡಲ್ ಇಲ್ಲ, ನೆಲವೇ ಪೆಡಲ್ಲು" ಅಂದಳು ಮಗಳು. ಪೂರ್ತಿ ಪಾದ ನೆಲಕ್ಕೆ ಕೂರಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು. ಆಗಲೇ ತೊಡೆಯ ಸ್ನಾಯುಗಳಿಗೆ ತಳ್ಳಲು ಬಲ ಸಿಗುವುದು, ಬೇಡ ಅನ್ನಿಸಿದರೆ ಎದ್ದು ನಿಲ್ಲುವ ಧೈರ್ಯ ಬರುವುದು. ಅಡ್ಡ ತುಂಡುಗಳನ್ನು ಕೊಯ್ದು ಸೀಟನ್ನು 23 ಸೆಂ.ಮೀ.ಗೆ ಇಳಿಸಿದೆ.

ಅಗಲವೂ ತಪ್ಪಾಗಿತ್ತು. 18 ಸೆಂ.ಮೀ. ಅಗಲದ ಮೇಲೆ ಕೂತರೆ ಪುಟ್ಟ ಸೊಂಟದಿಂದ ಕಾಲುಗಳು ಎರಡು ಪಕ್ಕಕ್ಕೆ ಸೀಳಿಕೊಳ್ಳುತ್ತವೆ, ಪಾದ ಹೊರಗೆ ತಿರುಗುತ್ತದೆ, ನೇರವಾಗಿ ತಳ್ಳಲಾಗುವುದಿಲ್ಲ. ಸೀಟು, ತಳ ಎರಡನ್ನೂ 13 ಸೆಂ.ಮೀ.ಗೆ ಕೊಯ್ದು, ತೊಡೆ ಬರುವ ಜಾಗದಲ್ಲಿ ಇನ್ನೊಂದಿಷ್ಟು ಒಳಕ್ಕೆ ಬಾಗಿಸಿ ಕೀಸಿದೆ. ಎಷ್ಟು ಉಪ್ಪುಕಾಗದ ತಿಂದಿತೋ ಆ ಬಾಗು! ಆದರೆ ಇಡೀ ಬಂಡಿಯಲ್ಲಿ ನನಗೆ ತುಂಬ ಹಿಡಿಸುವ ಭಾಗ ಇವತ್ತಿಗೂ ಅದೇ.

ಕೂರದೆ ಕಳೆದ ನಾಲ್ಕು ದಿನ

ಇಷ್ಟೆಲ್ಲ ಮಾಡಿ ಕೊಟ್ಟರೆ ಪಾಪು ನಾಲ್ಕು ದಿನ ಅದರ ಮೇಲೆ ಕೂರಲೇ ಇಲ್ಲ. ಹಿಂದೆ ನಿಂತು ತಳ್ಳಿದಳು. ಬಗ್ಗಿ ಗಾಲಿ ತಿರುಗಿಸಿದಳು. ಸೀಟಿನ ಕೆಳಗಿನ ಟೊಳ್ಳಿಗೆ ಅಡುಗೆಮನೆಯಿಂದ ಈರುಳ್ಳಿ ತಂದು ತುಂಬಿದಳು, ದೇವರ ಮನೆ ಬಾಗಿಲಲ್ಲಿ ಇಳಿಸಿದಳು, ಮತ್ತೆ ತುಂಬಿದಳು. ಕೂರಿಸಲು ಹೋದರೆ ಮೈ ಬಿಲ್ಲಿನಂತೆ ಸೆಟೆಸಿಕೊಂಡು ಕೆಳಗಿಳಿಯುತ್ತಿದ್ದಳು. ನನಗೆ ಬೇಜಾರಾಗಿತ್ತು. ಬಿಟ್ಟುಬಿಡಿ, ಅವಳು ಕೆಲಸ ಮಾಡುತ್ತಿದ್ದಾಳೆ ಅಂದಳು ಮಗಳು. ಭಾರ ತುಂಬಿದ ಬಂಡಿ ತಳ್ಳುವಾಗ ಎದೆ, ತೋಳು, ಸೊಂಟ ಎಲ್ಲವೂ ಒಟ್ಟಿಗೆ ಬಿಗಿಯಾಗಬೇಕು. ತುಂಬುವುದು, ಖಾಲಿ ಮಾಡುವುದು, ಇದರೊಳಗೆ ಎಷ್ಟು ಹಿಡಿಯುತ್ತದೆ ಅಂತ ನೋಡುವುದು ಆ ವಯಸ್ಸಿನ ಮಗುವಿಗೆ ದೊಡ್ಡ ವಿದ್ಯೆ. ಟೊಳ್ಳನ್ನು ಮುಚ್ಚದೆ ಬಿಟ್ಟಿದ್ದು ಎಷ್ಟು ಒಳ್ಳೆಯದಾಯಿತು!

ಐದನೇ ದಿನ ತಾನಾಗಿ ಕಾಲು ದಾಟಿಸಿ ಕೂತಳು. ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಸೀಟಿನಾಚೆ ಹಾಕುವುದು ನಮಗೆ ಏನೂ ಅಲ್ಲ. ನಡೆಯಲು ಕಲಿತು ಎರಡು ತಿಂಗಳಾದವಳಿಗೆ ಅದು ಮಹಾ ಸಾಹಸ. ಹ್ಯಾಂಡಲ್ ಹಿಡಿದು ಎರಡು ಕಾಲನ್ನೂ ಒತ್ತಿದಳು. ಬಂಡಿ ಹಿಂದಕ್ಕೆ ಹೋಯಿತು. ಮತ್ತೆ ಒತ್ತಿದಳು, ಮತ್ತೆ ಹಿಂದಕ್ಕೆ. ಗೋಡೆಗೆ ತಾಗಿ ನಿಂತಿತು.

ಗಾಲಿ ಉಲ್ಟಾ ಎಳೆಯುತ್ತಿದೆಯೇನೋ ಎಂದು ನಾನು ಬಂಡಿ ತಿರುವಿ ಹಾಕಿ ನೋಡಿದೆ. ಮಗಳು ನಗುತ್ತ ನನ್ನನ್ನೇ ಕುರ್ಚಿಯ ತುದಿಯಲ್ಲಿ ಕೂರಿಸಿ, ಮಡಚಿದ ಮೊಣಕಾಲು ಚಾಚಿ ನೋಡಿ ಅಂದಳು. ಚಾಚಿದರೆ ಮೈ ಹಿಂದಕ್ಕೆ ಹೋಗುತ್ತದೆ! ಕೂತಿರುವವರಿಗೆ ಸುಲಭದ ಚಲನೆ ಅದೇ, ಆದ್ದರಿಂದ ತುಂಬ ಮಕ್ಕಳು ಮೊದಲು ಹಿಂದಕ್ಕೇ ಹೋಗುತ್ತಾರೆ. ಮುಂದಕ್ಕೆ ಹೋಗಬೇಕಾದರೆ ಹಿಮ್ಮಡಿಯನ್ನು ಮುಂದೆ ಊರಿ, ನೆಲವನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅದಕ್ಕೆ ತೊಡೆಯ ಹಿಂಭಾಗದ ಸ್ನಾಯು ಬೇಕು, ಎಳೆಯುವಾಗ ಬೆನ್ನು ಬೀಳದಂತೆ ಹಿಡಿಯಲು ಹೊಟ್ಟೆಯ ಸ್ನಾಯು ಬೇಕು. ಪಾಪುವಿಗೆ ಅದು ಸಿಕ್ಕಿದ್ದು ಹನ್ನೊಂದು ದಿನದ ನಂತರ. ಯಾರೂ ಹೇಳಿಕೊಡಲಿಲ್ಲ.

ಎರಡನೇ ಸಲ ಬಿಚ್ಚಿದ್ದು

ಈ ನಡುವೆ ಎರಡು ಅವಘಡ. ಮೊದಲನೆಯದು ಬೇರಿಂಗಿನದು. ಗಾಲಿಗಳಿಗೆ 608 ಬೇರಿಂಗ್ ಹಾಕಿದ್ದೆ. ಒಳಗೆ 8, ಹೊರಗೆ 22 ಮಿ.ಮೀ., ಸ್ಕೇಟಿಂಗ್ ಗಾಲಿಗೆ ಹಾಕುತ್ತಾರಲ್ಲ, ಅದೇ. ಬೆರಳಿನಿಂದ ಮೀಟಿದರೆ ಗಾಲಿ ತಿರುಗುತ್ತಲೇ ಇರುತ್ತಿತ್ತು. ಅದನ್ನು ನೋಡಿ ನಾನು ಹಿಗ್ಗಿದ್ದೇ ಹಿಗ್ಗಿದ್ದು. ನಮ್ಮ ಹಜಾರದ್ದು ರೆಡ್ ಆಕ್ಸೈಡ್ ನೆಲ, ಕನ್ನಡಿಯ ಹಾಗೆ. ಪಾಪು ಕೂರಲು ಹೋದಳು, ಬಂಡಿ ಅವಳ ಕೆಳಗಿಂದ ಜಾರಿಕೊಂಡು ಹೋಯಿತು, ಧೊಪ್ಪನೆ ನೆಲಕ್ಕೆ ಕೂತಳು. ಪೆಟ್ಟಾಗಲಿಲ್ಲ, ಆದರೆ ಎರಡು ದಿನ ಹತ್ತಿರ ಸುಳಿಯಲಿಲ್ಲ. ಯಂತ್ರಕ್ಕೆ ಒಳ್ಳೆಯದಾದದ್ದು ಮಗುವಿಗೆ ಒಳ್ಳೆಯದಲ್ಲ ಅನ್ನುವುದನ್ನು ನಾನು ಆವತ್ತು ಒಪ್ಪಿಕೊಳ್ಳಬೇಕಾಯಿತು. ಬಂಡಿ ಕೊಂಚ ಬಿಗಿಯಾಗಿಯೇ ಉರುಳಬೇಕು. ತಳ್ಳಿದಷ್ಟೇ ಹೋಗಬೇಕು, ಬಿಟ್ಟರೆ ನಿಲ್ಲಬೇಕು. ಆಗಲೇ 'ನಾನು ಇಷ್ಟು ಒತ್ತಿದೆ, ಇಷ್ಟು ಹೋಯಿತು' ಎಂಬ ಲೆಕ್ಕ ಮೈಗೆ ಹತ್ತುವುದು.

ಬೇರಿಂಗ್ ನಾಲ್ಕನ್ನೂ ಹೊಡೆದು ತೆಗೆದೆ. ಅದೇ 22 ಮಿ.ಮೀ. ರಂಧ್ರಕ್ಕೆ ಮರದ ಬುಷ್, ಅಂದರೆ ಅಚ್ಚು ತೂರುವ ಬಳೆ, ಕಡೆದು ಕೂರಿಸಿ, ಒಳಗೆ ಜೇನುಮೇಣ ತಿಕ್ಕಿದೆ. ಗಾಲಿಯ ಸುತ್ತ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಅಂಟಿಸಿದೆ. ನೆಲಕ್ಕೆ ಗೀರು ಬೀಳುವುದೂ ನಿಂತಿತು, ಸದ್ದೂ ಇಳಿಯಿತು. ಎತ್ತಿನ ಗಾಡಿಯಲ್ಲಿ ಗಾಲಿ ಅಚ್ಚಿನಿಂದ ಕಳಚದ ಹಾಗೆ ಹೊಡೆಯುವ ಕಡೆಗೀಲಿನಂತೆ ಇದಕ್ಕೂ ಅಚ್ಚಿನ ತುದಿಯಲ್ಲಿ ಪಿನ್ ಹಾಕಿ, ಮೇಲೆ ಮರದ ಟೋಪಿ ಅಂಟಿಸಿ ಮುಚ್ಚಿದೆ.

ಎರಡನೆಯದು ಹಿಂದಕ್ಕೆ ಮಗುಚಿದ್ದು. ಹಿಂದಿನ ಅಚ್ಚನ್ನು ಸೀಟಿನ ನಡುವಿಗೆ ಸರಿಯಾಗಿ ಇಟ್ಟಿದ್ದೆ. ಪಾಪು ಆಕಾಶ ನೋಡುವವಳ ಹಾಗೆ ಹಿಂದಕ್ಕೆ ಒರಗಿದರೆ ಅವಳ ಭಾರ ಅಚ್ಚನ್ನು ದಾಟಿ ಹಿಂದಕ್ಕೆ ಬೀಳುತ್ತಿತ್ತು, ಮುಂದಿನ ಗಾಲಿ ಮೇಲೇಳುತ್ತಿತ್ತು. ಸದ್ಯ, ನನ್ನ ಕೈ ಹಿಂದೆಯೇ ಇತ್ತು. ಜೊತೆಗೆ ತಳ್ಳುವಾಗ ಅವಳ ಹಿಮ್ಮಡಿ ಹಿಂದಿನ ಗಾಲಿಗೆ ತಾಗುತ್ತಿತ್ತು. ಅಚ್ಚನ್ನು 7 ಸೆಂ.ಮೀ. ಹಿಂದಕ್ಕೆ ಸರಿಸಿದಾಗ ಎರಡೂ ತೊಂದರೆ ಒಟ್ಟಿಗೆ ಹೋದವು. ಈ ಸಲ ಪಾಪುವಿಗೆ ಕೊಡುವ ಮುಂಚೆ 10 ಕಿಲೋ ಅಕ್ಕಿ ಚೀಲವನ್ನು ಸೀಟಿನ ಹಿಂದಿನ ಅಂಚಿಗೆ ಒರಗಿಸಿಟ್ಟು ನೋಡಿದೆ. ಅವಳ ತೂಕವೂ ಹತ್ತಿರ ಹತ್ತಿರ ಅಷ್ಟೇ. ಆಮೇಲೆ 25 ಕಿಲೋ ಚೀಲ ಹಾಕಿ ಒಂದು ರಾತ್ರಿ ಬಿಟ್ಟೆ, ಜೋಡಣೆ ಬಾಯಿ ಬಿಡುತ್ತದೆಯೋ ಅಂತ. ಬಿಡಲಿಲ್ಲ.

ಹ್ಯಾಂಡಲಿಗೂ ಮಿತಿ ಬೇಕಿತ್ತು. ಪೂರ್ತಿ ತಿರುಗಿದರೆ ಮುಂದಿನ ಎರಡು ಗಾಲಿ ಒಂದರ ಹಿಂದೊಂದು ಬಂದಂತಾಗಿ ಬಂಡಿಯ ಕಾಲೂರುವಿಕೆ ಕಿರಿದಾಗುತ್ತದೆ, ಪಕ್ಕಕ್ಕೆ ಬೀಳುತ್ತದೆ. ಅಡ್ಡಪಟ್ಟಿ ಎಡಕ್ಕೆ ಬಲಕ್ಕೆ 30 ಡಿಗ್ರಿ ದಾಟದಂತೆ ತಳದ ಹಲಗೆಗೆ ಎರಡು ಗೂಟ ಹೊಡೆದೆ. ಕಬ್ಬಿಣದ ಕೆಲಸದಲ್ಲಿ ಇದಕ್ಕೆ ನಾವು ಸ್ಟಾಪರ್ ಅನ್ನುತ್ತೇವೆ.

ಇಂಥದ್ದು ಮಾಡಲು ಹೊರಟವರು ಬೆರಳ ಸಂದನ್ನು ಮರೆಯಬಾರದು. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಮಾರುವ ಆಟಿಕೆಗಳಿಗೆ ಬಿ.ಐ.ಎಸ್. (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಕಡ್ಡಾಯ, ಅದಕ್ಕೆ ಆಧಾರ ಐ.ಎಸ್. 9873 ಎಂಬ ಮಾನದಂಡ. ಮಗು ಕೂರುವ ಆಟಿಕೆಗಳಲ್ಲಿ ಗಾಲಿಗೂ ಮೈಗೂ ನಡುವಿನ ಸಂದು 5 ಮಿ.ಮೀ.ಗಿಂತ ಕಮ್ಮಿ ಇರಬೇಕು, ಇಲ್ಲವೇ 12 ಮಿ.ಮೀ. ಕಡ್ಡಿ ಸಲೀಸಾಗಿ ಹೋಗುವಷ್ಟು ಇರಬೇಕು. ನಡುವಿನ ಅಳತೆಯೇ ಅಪಾಯ: ಬೆರಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮನೆಯಲ್ಲಿ ಮಾಡುವ ಬಂಡಿಗೆ ಯಾರೂ ಬಂದು ಗುರುತು ಕೇಳುವುದಿಲ್ಲ ನಿಜ, ಆದರೆ ಬೆರಳು ಅದೇ ಬೆರಳು. ನನ್ನದರಲ್ಲಿ ಮೊದಲು 8 ಇತ್ತು, ವಾಷರ್ ಸೇರಿಸಿ 14 ಮಾಡಿದೆ.

ಬಣ್ಣ

ಅಟ್ಟದಲ್ಲಿ 2012ರ ಸುಮಾರಿನ ಅರ್ಧ ಡಬ್ಬಿ ಕೆಂಪು ಎನಾಮಲ್ ಇತ್ತು. ಮುಟ್ಟಲಿಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯೊಳಗೆ ಏನಿದೆಯೋ. ಈ ವಯಸ್ಸಿನಲ್ಲಿ ಹ್ಯಾಂಡಲ್ ಬಾಯಿಗೆ ಹೋಗಿಯೇ ಹೋಗುತ್ತದೆ. ಕಾಯಿಸದ ಅಗಸೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಮೂರು ಸಲ ಒರೆಸಿ, ಒಂದೊಂದು ಸಲಕ್ಕೂ ವಾರಗಟ್ಟಲೆ ನೆರಳಲ್ಲಿ ಒಣಗಿಸಿದೆ. ಪಾಪು ದಿನಾ ಬಂದು ನೋಡಿಕೊಂಡು ಹೋಗುತ್ತಿದ್ದಳು. ಅಂದಹಾಗೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬಣ್ಣಕ್ಕಾಗಿ ಚನ್ನಪಟ್ಟಣಕ್ಕೆ ಹೋಗಿ ಬಂದೆ. ಅಲ್ಲಿ ಲೇತಿನ ಮೇಲೆ ಆಲೆಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಕೇದಗೆ ಎಲೆ ಹಿಡಿದರೆ ಹೊಳಪು. ಹ್ಯಾಂಡಲಿಗೆ ಪೋಣಿಸಲು ಮೂರು ಬಳೆ ತಂದೆ. ಕೆಂಪು, ಹಳದಿ, ಹಸಿರು. ಮಗಳು ಅಳೆದೇ ಒಪ್ಪಿದಳು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿ ಬರುವ ಚೂರು ಉಸಿರು ಕಟ್ಟಿಸುವಷ್ಟು ಚಿಕ್ಕದೋ ಎಂದು ನೋಡಲು 31.7 ಮಿ.ಮೀ. ಬಾಯಿಯ ಒಂದು ಕೊಳವೆ ಇದೆ, ಅದರೊಳಗೆ ಪೂರ್ತಿ ಹಿಡಿಸಿದರೆ ಆ ಆಟಿಕೆ ಮಗುವಿಗೆ ಆಗದು. ನಮ್ಮ ಬಳೆಗಳು 45 ಮಿ.ಮೀ.

ಕಾಲು ಕಲಿತದ್ದು

ಮೊದಲ ತಿಂಗಳು ಪಾಪು ಕಪ್ಪೆಯ ಹಾಗೆ ಎರಡೂ ಕಾಲನ್ನು ಒಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದಳು. ಎರಡನೇ ತಿಂಗಳ ಕೊನೆಗೆ ಒಂದು ಬೆಳಗ್ಗೆ ಎಡ, ಬಲ, ಎಡ, ಬಲ. ಮೆದುಳಿನ ಎಡಭಾಗ ಬಲಗಾಲನ್ನು, ಬಲಭಾಗ ಎಡಗಾಲನ್ನು ಆಡಿಸುತ್ತದೆ. ಒಂದು ಕಾಲು ಎಳೆಯುವಾಗ ಇನ್ನೊಂದು ಸುಮ್ಮನೆ ಕಾಯಬೇಕಾದರೆ ಎರಡು ಭಾಗಗಳ ನಡುವೆ ಮಾತುಕತೆ ನಡೆಯಬೇಕು ಅಂತ ಮಗಳು ವಿವರಿಸಿದಳು. ಅದರ ಮೇಲೆ ಕೈ ಬೇರೆ ಕೆಲಸ ಮಾಡಬೇಕು. ಕಾಲು ತಳ್ಳುತ್ತಿರುವಾಗಲೇ ಹ್ಯಾಂಡಲ್ ತಿರುಗಿಸಿ ಕಂಬ ತಪ್ಪಿಸುವುದು ಅವಳಿಗೆ ಬಂದದ್ದು ಇನ್ನೂ ತಡವಾಗಿ, 19 ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಇಳಿದು, ಬಂಡಿಯನ್ನು ಎಳೆದು ತಿರುಗಿಸಿ, ಮತ್ತೆ ಹತ್ತುತ್ತಿದ್ದಳು.

ಹೊಸ್ತಿಲ ಪ್ರಸಂಗ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಹಜಾರದಿಂದ ನಡುಮನೆಗೆ ಎರಡಿಂಚಿನ ಮರದ ಹೊಸ್ತಿಲಿದೆ. ಮೊದಮೊದಲು ಗುದ್ದಿ, ಅತ್ತು, ನನ್ನ ಮುಖ ನೋಡುತ್ತಿದ್ದಳು. ಎತ್ತಿಕೊಡಲು ನಾನು ಏಳುತ್ತಿದ್ದೆ, ಮಗಳು ಕೈಸನ್ನೆಯಲ್ಲೇ ತಡೆಯುತ್ತಿದ್ದಳು. ಕೊನೆಗೊಂದು ದಿನ ಪಾಪು ಇಳಿದಳು, ಮುಂದೆ ಹೋಗಿ ಹ್ಯಾಂಡಲ್ ಹಿಡಿದು ಮುಂಗಾಲಿ ಎತ್ತಿ ಹೊಸ್ತಿಲ ಮೇಲಿಟ್ಟಳು, ಹಿಂದಕ್ಕೆ ಬಂದು ತಳ್ಳಿದಳು, ದಾಟಿತು. ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆಯೊಳಗೆ ಸಾಲಾಗಿ ಇಟ್ಟುಕೊಂಡು ಮಾಡಿದ ಕೆಲಸ. ಪಾರ್ಕಿನಲ್ಲಿ ಬಾಡಿಗೆಗೆ ಕೊಡುವ ಬ್ಯಾಟರಿ ಕಾರಿನಲ್ಲಿ ಅವಳನ್ನು ಒಮ್ಮೆ ಕೂರಿಸಿದ್ದೆವು. ರಿಮೋಟು ಕಾರಿನವರ ಕೈಯಲ್ಲಿ. ಪಾಪು ಸುಮ್ಮನೆ ಕೂತು ಒಂದು ಸುತ್ತು ಬಂದಳು. ಖುಷಿಪಟ್ಟಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ಅವಳ ಪಾಲಿಗೆ ಮಾಡಲು ಏನೂ ಉಳಿದಿರಲಿಲ್ಲ.

ಮಾತೂ ಬಂಡಿಯ ಜೊತೆಗೇ ಬಂತು. ಹಿಂದೆ, ಮುಂದೆ, ಸರಿ ಸರಿ, ಬಿತ್ತು, ಸಾಕು, ಇನ್ನೊಂದ್ಸಲ. ಒಂದು ಸಲ ಊರಿಗೆ ಬಸ್ಸಿನಲ್ಲಿ ಹೋಗಿ ಬಂದ ಮೇಲೆ ಟೊಳ್ಳಿನಲ್ಲಿ ಈರುಳ್ಳಿ ಬದಲು ಗೊಂಬೆ ಕೂತವು. "ರೈಟ್ ರೈಟ್" ಅಂದರೆ ಹೊರಡುವುದು, "ಹೋಲ್ಡಾನ್" ಅಂದರೆ ಎರಡು ಪಾದ ಊರಿ ನಿಲ್ಲುವುದು. ನಿಲ್ಲುವುದು ಹೋಗುವುದಕ್ಕಿಂತ ಕಷ್ಟ ಅನ್ನುತ್ತಾಳೆ ಮಗಳು. ಮೈ ಓಡು ಅನ್ನುವಾಗ ಬೇಡ ಅನ್ನಬೇಕಲ್ಲ. ಭಾನುವಾರ ಅಕ್ಕನ ಮೊಮ್ಮಗ ಬಂದರೆ ಇಬ್ಬರಿಗೂ ಜಗಳ. ಈಗೀಗ ದೇವರ ಮನೆಯ ತನಕ ನೀನು, ವಾಪಸ್ಸು ನಾನು ಅನ್ನುವ ಒಪ್ಪಂದಕ್ಕೆ ಬಂದಿದ್ದಾರೆ. ಒಪ್ಪಂದ ಎರಡು ಸುತ್ತು ನಡೆಯುತ್ತದೆ.

ಕಾರ್ಲ್ ಡ್ರೈಸ್ ಎಂಬಾತ 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಓಡಿಸಿದ ಮರದ ದ್ವಿಚಕ್ರಕ್ಕೂ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದೇ ಹೋಗಬೇಕಿತ್ತು. ಪೆಡಲ್ ಹಾಕಿದ ಸೈಕಲ್ಲು ಜನರ ಕೈಗೆ ಬಂದದ್ದು 1860ರ ದಶಕದಲ್ಲಿ. ಪಾಪುವೂ ಅದೇ ದಾರಿಯಲ್ಲಿದ್ದಾಳೆ. ಮೂರು ಚಕ್ರದ ಸೈಕಲ್ ತುಳಿಯುವ ಶಕ್ತಿ ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಬರುತ್ತದೆ. ಅದಕ್ಕೆ ಇನ್ನೂ ಸಮಯವಿದೆ.

ಮೂರನೇ ಸಲ ಬಿಚ್ಚಿದ್ದು ಹೋದ ವಾರ. ಅವಳಿಗೆ ಎರಡು ವರ್ಷ ತುಂಬಿತು, ಮೊಣಕಾಲು ಎದೆಗೆ ಬರುತ್ತಿತ್ತು. ಸೀಟಿನ ಕೆಳಗೆ 3 ಸೆಂ.ಮೀ. ತುಂಡು ಕೊಟ್ಟು ಎತ್ತರಿಸಿದೆ. ಆಗ ಕಂಡದ್ದು: ಮುಂದಿನ ಬಲಗಾಲಿಯ ರಬ್ಬರ್ ಸವೆದು ಮರ ಇಣುಕುತ್ತಿದೆ, ಎಡದ್ದು ಹೊಸದರ ಹಾಗಿದೆ. ಪಾಪು ಹಜಾರದ ಕಂಬವನ್ನು ಯಾವಾಗಲೂ ಎಡಕ್ಕೇ ತಿರುಗಿ ಸುತ್ತುತ್ತಾಳೆ, ಹೊರಗಿನ ಗಾಲಿಗೆ ಭಾರ. ಮಗಳಿಗೆ ತೋರಿಸಿದೆ. ಅವಳು ಏನೂ ಹೇಳದೆ ಗೊಂಬೆಗಳ ಬುಟ್ಟಿಯನ್ನು ಕಂಬದ ಈ ಕಡೆಯಿಂದ ಆ ಕಡೆಗೆ ಇಟ್ಟಳು, ಬಲಕ್ಕೆ ತಿರುಗಿದರೆ ಮಾತ್ರ ಕೈಗೆಟುಕುವ ಹಾಗೆ. ಎರಡೂ ಗಾಲಿಗೆ ಹೊಸ ಟ್ಯೂಬು ಹಾಕಿದ್ದೇನೆ. ನಿನ್ನೆ ಸಂಜೆ ಬಂಡಿ ಬುಟ್ಟಿಯ ಎದುರು ನಿಂತಿತು. ಪಾಪು ಒಂದು ಗಳಿಗೆ ನೋಡಿದಳು, ಹ್ಯಾಂಡಲನ್ನು ಬಲಕ್ಕೆ ಎಳೆದಳು. ಗೂಟಕ್ಕೆ ಟಕ್ ಅಂತ ತಾಗಿತು.